ಕರಿಘಟ್ಟದಿಂದ ಹೊರಡುವ ಕಾಲುದಾರಿ



ಕರಿಘಟ್ಟವನ್ನು ಏರಲು ಎರಡು ದಾರಿಗಳಿವೆ. ಒಂದು, ವಾಹನಗಳನ್ನು ನೆತ್ತಿಯವರೆಗೂ ಒಯ್ಯುವ ರಸ್ತೆ. ಇನ್ನೊಂದು, 450ಕ್ಕೂ ಹೆಚ್ಚು ಮೆಟ್ಟಿಲುಗಳ ಹಳೆಯ ಸೋಪಾನ. ರಸ್ತೆಯಲ್ಲಿ ಬಂದವರು ಶ್ರೀನಿವಾಸನ ದರ್ಶನ ಮುಗಿಸಿ, ಬೆಟ್ಟದ ಅಂಚಿನಲ್ಲಿ ನಿಂತು ಶ್ರೀರಂಗಪಟ್ಟಣದ ದ್ವೀಪವನ್ನು ದೂರದಿಂದ ನೋಡಿ, ಒಂದೆರಡು ಛಾಯಾಚಿತ್ರ ತೆಗೆದುಕೊಂಡು ಅರ್ಧ ಗಂಟೆಯೊಳಗೆ ಇಳಿದುಹೋಗುತ್ತಾರೆ. ಮೆಟ್ಟಿಲೇರಿದವರಿಗೆ ಅದೇ ಬೆಟ್ಟ ಬೇರೆಯಾಗಿ ಕಾಣುತ್ತದೆ. ದಣಿವಾರಿಸಿಕೊಳ್ಳಲು ಕುಳಿತಾಗ ಬಂಡೆಯ ಸಂದಿಯಲ್ಲಿ ಬೇರೂರಿದ ಕುರುಚಲು ಗಿಡ ಕಣ್ಣಿಗೆ ಬೀಳುತ್ತದೆ. ಹುಲ್ಲಿನ ನಡುವೆ ಓಡುವ ಕೌಜುಗದ ಸದ್ದು ಕಿವಿಗೆ ಬೀಳುತ್ತದೆ. ಕೆಳಗೆ ಲೋಕಪಾವನಿ ಕಾವೇರಿಯನ್ನು ಸೇರುವ ತಾಣ ಮೆಟ್ಟಿಲು ಮೆಟ್ಟಿಲಿಗೂ ಹೆಚ್ಚು ಸ್ಪಷ್ಟವಾಗುತ್ತ ಹೋಗುತ್ತದೆ.

ಇಂದಿನ ಮಾತು ಈ ಎರಡನೆಯ ದಾರಿಯನ್ನು ಕುರಿತದ್ದು. ಬೆಟ್ಟಗುಡ್ಡಗಳಿಗೆ ಪ್ರವಾಸಿಗರು ಬರುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಗುಡ್ಡಗಾಡಿನ ಊರುಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಬರಬೇಡಿರೆಂದು ಹೇಳಿ ಯಾವ ಬೆಟ್ಟವೂ ಉಳಿದಿಲ್ಲ. ಬಂದದ್ದಕ್ಕೆಲ್ಲ ಬಾಗಿಲು ತೆರೆದಿಟ್ಟೂ ಉಳಿದಿಲ್ಲ. ಹಾಗಾಗಿ ಯಾವ ಬಗೆಯ ಪ್ರವಾಸ, ಎಷ್ಟು ನಿಧಾನದ ಪ್ರವಾಸ, ಯಾರ ಊಟದ ಮನೆಯ ಮೂಲಕ ಹಾದುಹೋಗುವ ಪ್ರವಾಸ ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತವಾದೀತು.

ನಿಧಾನದ ನಡಿಗೆಯನ್ನೇ ರಜೆಯಾಗಿ ಕಳೆಯುವ ಪದ್ಧತಿ ಹಲವು ದೇಶಗಳಲ್ಲಿ ನೆಲೆಯೂರಿದೆ. ಉತ್ತರ ಆಫ್ರಿಕದ ಮೊರಾಕೊ ಅದಕ್ಕೊಂದು ಪ್ರಸಿದ್ಧ ಉದಾಹರಣೆ. ಅಲ್ಲಿನ ಅಟ್ಲಾಸ್ ಪರ್ವತಶ್ರೇಣಿಯ ಅತ್ಯುನ್ನತ ಶಿಖರವಾದ ತೂಬ್ಕಾಲ್ 4,167 ಮೀಟರ್ ಎತ್ತರವಿದೆ. ಆದರೆ ಅಲ್ಲಿಗೆ ಬರುವವರೆಲ್ಲರೂ ಶಿಖರವೇರುವ ಹಟ ತೊಟ್ಟವರಲ್ಲ. ವಯಸ್ಸು ಅರವತ್ತು ದಾಟಿದವರು, ದಿನಕ್ಕೆ ನಾಲ್ಕೈದು ಗಂಟೆಗಿಂತ ಹೆಚ್ಚು ನಡೆಯಲಾಗದವರು, ಮಕ್ಕಳನ್ನು ಕರೆತಂದವರು ಕಣಿವೆಯಿಂದ ಕಣಿವೆಗೆ ಸಾಗುತ್ತಾರೆ. ಸಾಮಾನನ್ನು ಹೇಸರಗತ್ತೆಗಳು ಹೊರುತ್ತವೆ. ನಡೆಯುವವರ ಹೆಗಲ ಮೇಲೆ ಕುಡಿಯುವ ನೀರು ಮತ್ತು ಒಂದು ಹೊದಿಕೆ ಮಾತ್ರ. ರಾತ್ರಿ ತಂಗುವುದು ಅಮಾಜಿಗ್ ಜನರ ಕಲ್ಲುಮಣ್ಣಿನ ಮನೆಗಳಲ್ಲಿ. ಅಕ್ರೋಟು ಮರಗಳ ನೆರಳಿನ ಮೆಟ್ಟಿಲುಗದ್ದೆಗಳನ್ನು ಹಾದು, 2,260 ಮೀಟರ್ ಎತ್ತರದ ತಿಜಿ ನ್ ತಿಚ್ಕಾ ಕಣಿವೆದಾರಿಯನ್ನು ವಾಹನದಲ್ಲಿ ದಾಟಿದರೆ ಆಚೆಗೆ ದ್ರಾ ನದಿಯ ಖರ್ಜೂರದ ತೋಪುಗಳು, ಅದರಾಚೆಗೆ ಸಹಾರಾದ ಮರಳು. ಹಿಮ ಕಂಡ ಕಣ್ಣು ಅದೇ ವಾರದಲ್ಲಿ ಮರಳುಗಾಡನ್ನೂ ಕಾಣುತ್ತದೆ.

ಈ ವರ್ಣನೆಯನ್ನು ಓದಿ ಹಂಬಲಿಸುವ ಕನ್ನಡಿಗರು ಕಡಿಮೆಯಿಲ್ಲ. ಆದರೆ ಅಷ್ಟು ದೂರ ಹೋಗಲು ಹಣವಾಗಲಿ ಅವಕಾಶವಾಗಲಿ ಎಲ್ಲರಿಗೂ ಇರುವುದಿಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಅಂಥದೇ ಒಂದು ನಡಿಗೆಗೆ ಬೇಕಾದುದೆಲ್ಲವೂ ಇದೆ ಎಂಬುದನ್ನು ಬಹಳ ಜನ ಗಮನಿಸಿಲ್ಲ. ಇಲ್ಲಿ ಹಿಮವಿಲ್ಲ, ಮರಳುಗಾಡೂ ಇಲ್ಲ. ಆದರೆ ನೀರಾವರಿಯ ಹಸಿರು ಗದ್ದೆಯಿಂದ ಹೊರಟು ಮಳೆಯನ್ನೇ ನಂಬಿದ ಒಣನೆಲದವರೆಗೆ ಸಾಗುವ ಬದಲಾವಣೆಯಿದೆ. ಸರ್ಕಾರಿ ಬಸ್ಸು ಮತ್ತು ರೈಲುಗಳ ನೆರವು ಪಡೆದು, ದಿನಕ್ಕೆ ಎರಡು ಮೂರು ಗಂಟೆ ಮಾತ್ರ ನಡೆದು, ಐದು ದಿನಗಳಲ್ಲಿ ಈ ಸುತ್ತನ್ನು ಮುಗಿಸಬಹುದು. ಮಳೆಗಾಲ ಮುಗಿದ ಮೇಲಿನ ಅಕ್ಟೋಬರಿನಿಂದ ಜನವರಿಯವರೆಗಿನ ಕಾಲ ಇದಕ್ಕೆ ಪ್ರಶಸ್ತ.

ಮೊದಲ ದಿನ ಕರಿಘಟ್ಟ. ಸಮುದ್ರಮಟ್ಟದಿಂದ 2,697 ಅಡಿ ಎತ್ತರದ ಈ ಬೆಟ್ಟವನ್ನು ಬೆಳಗಿನ ತಂಪಿನಲ್ಲಿ ಏರಿ ಇಳಿದವರು ಲೋಕಪಾವನಿಯ ಬದಿಯಿಂದ ಗಂಜಾಮಿನತ್ತ ಸಾಗಬಹುದು. ಅಂಜೂರಕ್ಕೆ ಹೆಸರಾಗಿದ್ದ ಊರದು. ಅಲ್ಲಿಂದ ಮುಂದೆ 1784ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ದರಿಯಾ ದೌಲತ್, 1799ರ ಮೇ 4ರಂದು ಅವನು ಮಡಿದ ಕೋಟೆ, ರಂಗನಾಥನ ದೇಗುಲ. ಆದರೆ ಬೆಟ್ಟದಿಂದ ಇಳಿದು ಬಂದವರ ಕಣ್ಣು ಕೋಟೆಗಿಂತ ಮೊದಲು ನೀರಿನ ಮೇಲೆ ಹರಿಯುವುದು ಸಹಜ. ಕಂಠೀರವ ನರಸರಾಜರ ಕಾಲದ ಬಂಗಾರದೊಡ್ಡಿ ನಾಲೆ ನದಿಯ ಮೇಲಿನ ಮೇಲ್ಗಾಲುವೆಯ ಮೂಲಕ ದ್ವೀಪಕ್ಕೆ ನೀರು ತಂದಿತು. ಅದೇ ಅರಸರ ಕಾಲದಲ್ಲಿ, 1645ರಿಂದ 1648ರ ನಡುವೆ, ಕಾವೇರಿಗೆ ಕಟ್ಟಿದ ಒಡ್ಡಿನಿಂದ ರೂಪುಗೊಂಡ ನಡುಗಡ್ಡೆಗಳೇ ರಂಗನತಿಟ್ಟು. ಗದ್ದೆಗಾಗಿ ಕಟ್ಟಿದ ಒಡ್ಡು ಹಕ್ಕಿಗಳಿಗೆ ಮನೆಯಾಯಿತು. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿಗೆ ಮೈಸೂರು ಸಂಸ್ಥಾನ ಬೆಲೆ ಕೊಟ್ಟ ಫಲವಾಗಿ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ಜೌಗುತಾಣವೆಂಬ ಮನ್ನಣೆಯೂ ಅದಕ್ಕೆ ದೊರೆಯಿತು.

ಎರಡನೆಯ ದಿನ ಪಾಂಡವಪುರ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ಹಿರೋಡೆ ಎಂಬ ಈ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಬಂದಿತ್ತು. ಪಾಂಡವರು ವನವಾಸದಲ್ಲಿ ಇಲ್ಲಿ ಇದ್ದರೆಂಬ ಐತಿಹ್ಯದಿಂದ ಈಗಿನ ಹೆಸರು ಬಂದಿದೆ. ಕುಂತಿಬೆಟ್ಟದ ಬಂಡೆಗಳನ್ನು ಹತ್ತಿದವರಿಗೆ ಐತಿಹ್ಯಕ್ಕಿಂತ ಬಹಳ ಹಳೆಯದಾದ ಕಾಲವೊಂದು ಅಂಗಾಲಿಗೆ ತಾಕುತ್ತದೆ. ದಕ್ಷಿಣ ಭಾರತದ ಈ ಶಿಲಾಸ್ತರದ ವಯಸ್ಸನ್ನು ಭೂವಿಜ್ಞಾನಿಗಳು ಸುಮಾರು 300 ಕೋಟಿ ವರ್ಷಗಳೆಂದು ಗುರುತಿಸಿದ್ದಾರೆ. ಸಂಜೆಗೆ ತೊಣ್ಣೂರು ಕೆರೆಯನ್ನು ತಲುಪಬಹುದು. ಬೆಟ್ಟಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದ ಈ ನೀರು ಎಷ್ಟು ತಿಳಿಯಾಗಿತ್ತೆಂದರೆ, 18ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗ್ ಇದನ್ನು ಮೋತಿ ತಲಾಬ್ ಎಂದು ಕರೆದ. ಮುತ್ತಿನ ಕೆರೆ ಎಂದು ಅದರ ಅರ್ಥ. ಕೆರೆಯ ನೀರು ತಿಳಿಯಾಗಿರಬೇಕಾದರೆ ಅದಕ್ಕೆ ಇಳಿದುಬರುವ ಬೆಟ್ಟದ ಮೈ ಹುಲ್ಲು ಗಿಡಗಳಿಂದ ಮುಚ್ಚಿರಬೇಕೆಂಬ ಪಾಠವನ್ನು ಏರಿಯ ಮೇಲೆ ಕುಳಿತೇ ಕಲಿಯಬಹುದು.

ಮೂರನೆಯ ದಿನ ಮೇಲುಕೋಟೆ. 12ನೆಯ ಶತಮಾನದಲ್ಲಿ ರಾಮಾನುಜರು ನೆಲೆಸಿದ್ದ ಊರು, ವೈರಮುಡಿಯ ಊರು, ಕವಿ ಪು.ತಿ. ನರಸಿಂಹಾಚಾರ್ಯರು 1905ರಲ್ಲಿ ಹುಟ್ಟಿದ ಊರು. ಯೋಗಾನರಸಿಂಹನ ಬೆಟ್ಟವನ್ನು ಏರುವವರು ಕಲ್ಯಾಣಿಯನ್ನು ಬಳಸಿಯೇ ಹೋಗಬೇಕು. ಹರಿಯುವ ನದಿಯಿಲ್ಲದ ಬೆಟ್ಟದ ಮೇಲೆ ಸಾವಿರಾರು ಯಾತ್ರಿಕರಿಗೆ ನೀರುಣಿಸಿದ್ದು ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದಿಟ್ಟ ಕೊಳಗಳು. ಊರಿನ ಸುತ್ತಣ ಕುರುಚಲು ಕಾಡನ್ನು 1974ರಲ್ಲಿ ಮುಖ್ಯವಾಗಿ ತೋಳಗಳಿಗಾಗಿ ವನ್ಯಧಾಮವೆಂದು ಘೋಷಿಸಲಾಯಿತು. ಅದರ ವಿಸ್ತೀರ್ಣ ಸುಮಾರು 50 ಚದರ ಕಿಲೋಮೀಟರ್. ದಟ್ಟ ಅರಣ್ಯವನ್ನು ಮಾತ್ರ ಕಾಡೆಂದು ಎಣಿಸುವ ಮಲೆನಾಡಿನ ಕಣ್ಣಿಗೆ ಇದು ಪಾಳುನೆಲದಂತೆ ಕಂಡೀತು. ತೋಳಕ್ಕೆ ಬೇಕಾದುದು ಇಂಥ ತೆರೆದ ನೆಲವೇ. ಇದೇ ವನ್ಯಧಾಮದ ನಾರಾಯಣದುರ್ಗದ ಭಾಗದಲ್ಲಿ ಸೈಕಾಸ್ ಎಂಬ ಪುರಾತನ ಸಸ್ಯವಂಶದ ಗಿಡಗಳೂ ಉಳಿದುಕೊಂಡಿವೆ.

ನಾಲ್ಕನೆಯ ದಿನ ಕೃಷ್ಣರಾಜಪೇಟೆಯ ಕಡೆ. ಹೊಸಹೊಳಲಿನ ಲಕ್ಷ್ಮೀನಾರಾಯಣ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, ಕಿಕ್ಕೇರಿಯ ಬ್ರಹ್ಮೇಶ್ವರ ಎಂಬ ಮೂರು ಹೊಯ್ಸಳ ದೇಗುಲಗಳನ್ನು ಹೊಲದ ಬದುಗಳ ನಡುವೆ ನಡೆದು ಕಾಣುವುದಕ್ಕೂ ವಾಹನದಿಂದ ಇಳಿದು ಕಾಣುವುದಕ್ಕೂ ವ್ಯತ್ಯಾಸವಿದೆ. ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಊರು. ಇದೇ ತಾಲ್ಲೂಕಿನ, ಹೇಮಾವತಿಯ ದಡದ ಅಕ್ಕಿಹೆಬ್ಬಾಳು 1900ರಲ್ಲಿ ಎ.ಎನ್. ಮೂರ್ತಿರಾಯರು ಹುಟ್ಟಿದ ಊರು. ವಯಸ್ಸಾದ ಮೇಲೆ ದೂರದೇಶಕ್ಕೆ ಹೋಗಿಬಂದು ಅವರು ಬರೆದ ಪ್ರವಾಸಕಥನದ ಹೆಸರೇ ‘ಅಪರವಯಸ್ಕನ ಅಮೆರಿಕಾ ಯಾತ್ರೆ’. ಅವಸರವಿಲ್ಲದ ಪ್ರವಾಸಕ್ಕೆ ಈ ನೆಲದಲ್ಲಿ ಹಿರಿಯರ ಮೇಲ್ಪಂಕ್ತಿ ಇದೆಯೆಂದು ಹೇಳಲು ಇಷ್ಟು ಸಾಕು.

ಐದನೆಯ ದಿನ ನಾಗಮಂಗಲ. ಸೌಮ್ಯಕೇಶವನ ದೇಗುಲ ಮತ್ತು ಕಂಬದಹಳ್ಳಿಯ ಜೈನ ಬಸದಿಗಳನ್ನು ಕಂಡು ಆದಿಚುಂಚನಗಿರಿಯಲ್ಲಿ ನಡಿಗೆಯನ್ನು ಮುಗಿಸಬಹುದು. ಅಲ್ಲಿನ ನವಿಲುಧಾಮವನ್ನು 1981ರಲ್ಲಿ ಘೋಷಿಸಲಾಯಿತು. ಅದರ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಕಾವೇರಿಯ ನಾಲೆಗಳು ತಲುಪದ ಈ ಬೆಟ್ಟದ ಮೇಲೆ ನಿಂತವರಿಗೆ, ಮೊದಲ ದಿನ ಕರಿಘಟ್ಟದಿಂದ ಕಂಡ ಭತ್ತ ಕಬ್ಬುಗಳ ಹಸಿರು ಎಲ್ಲಿ ಮುಗಿದು ರಾಗಿ ಹುರುಳಿಗಳ ಒಣಸೀಮೆ ಎಲ್ಲಿ ಆರಂಭವಾಯಿತೆಂಬುದು ಕಾಲಿನ ಮೂಲಕ ತಿಳಿದಿರುತ್ತದೆ. ಭೂಪಟದಿಂದ ದೊರೆಯದ ಅರಿವು ಅದು.

ಇಷ್ಟು ಹೇಳಿದ ಮೇಲೆ, ಈ ದಾರಿ ಮುಂದೆಯೂ ಇರುವುದೇ ಎಂಬ ಪ್ರಶ್ನೆಗೆ ಬರಬೇಕಾಗುತ್ತದೆ.

ಕರಿಘಟ್ಟವೆಂದರೆ ಕಪ್ಪು ಬೆಟ್ಟ. ಬೇಸಗೆಯಲ್ಲಿ ಈ ಬೆಟ್ಟಕ್ಕೆ ಬೆಂಕಿ ಬಿದ್ದಾಗ ಹೆಸರು ಬೇರೆಯೇ ರೀತಿಯಲ್ಲಿ ನಿಜವಾಗುತ್ತದೆ. ಮಳೆಗಾಲದಲ್ಲಿ ಸೊಂಟದೆತ್ತರಕ್ಕೆ ಬೆಳೆದ ಹುಲ್ಲು ಫೆಬ್ರವರಿಯ ಹೊತ್ತಿಗೆ ಒಣಗಿ ನಿಂತಿರುತ್ತದೆ. ಎಸೆದ ಬೀಡಿಯ ತುಣುಕೋ, ಅಡುಗೆಗೆ ಹೂಡಿದ ಮೂರು ಕಲ್ಲಿನ ಒಲೆಯೋ, ಸುಟ್ಟರೆ ಎಳೆಯ ಹುಲ್ಲು ಚಿಗುರೀತೆಂಬ ದನಗಾಹಿಯ ಲೆಕ್ಕಾಚಾರವೋ, ಯಾವುದಾದರೊಂದು ಕಾರಣಕ್ಕೆ ಕಿಡಿ ತಾಗಿದರೆ ಇಡೀ ಇಳಿಜಾರು ಕೆಲವೇ ಗಂಟೆಗಳಲ್ಲಿ ಬೂದಿಯಾಗುತ್ತದೆ. ಸ್ವಯಂಸೇವಕರು ನೆಟ್ಟು, ನೀರು ಹೊತ್ತು ಬದುಕಿಸಿದ ಸಸಿಗಳು ಹುಲ್ಲಿನೊಡನೆ ಬೇಯುತ್ತವೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ, ಓಡಲಾರದ ಆಮೆ, ಹಾವು, ಹಲ್ಲಿಗಳ ಗತಿಯೂ ಅದೇ. ಬೆಂಕಿಯ ನಂತರ ಮೊದಲು ತಲೆಯೆತ್ತುವುದು ಲಂಟಾನ. ಮುಂಗಾರಿನ ಮೊದಲ ಬಿರುಮಳೆಗೆ ಹೊದಿಕೆಯಿಲ್ಲದ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಬೆಟ್ಟದ ಮಣ್ಣು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ ಸೇರಿ, ಬೆಟ್ಟದಲ್ಲಿ ಬಂಡೆ ಮಾತ್ರ ಉಳಿಯುತ್ತದೆ.

ಬಂಡೆಯೂ ಉಳಿಯುತ್ತದೆಂಬ ಭರವಸೆ ಎಲ್ಲೆಡೆಯೂ ಇಲ್ಲ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಾರಿಕೆ ವರ್ಷಗಳ ಕಾಲ ಜಿಲ್ಲೆಯ ಬಿಸಿ ಚರ್ಚೆಯಾಗಿತ್ತು. 1911ರಲ್ಲಿ ಆರಂಭವಾಗಿ ಎರಡು ದಶಕಗಳ ಶ್ರಮದಿಂದ ಎದ್ದುನಿಂತ ಕನ್ನಂಬಾಡಿ ಅಣೆಕಟ್ಟಿಗೆ ಸಿಡಿತಗಳಿಂದ ಅಪಾಯವಿದೆಯೇ ಎಂಬುದು ಆ ಚರ್ಚೆಯ ಕೇಂದ್ರವಾಯಿತು. 2024ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅಣೆಕಟ್ಟಿನ 20 ಕಿಲೋಮೀಟರ್ ಸುತ್ತಳತೆಯಲ್ಲಿ ಗಣಿಗಾರಿಕೆಗೆ ತಡೆಯೊಡ್ಡಿ ಆದೇಶಿಸಿತು. ಅಣೆಕಟ್ಟಿನ ಸುರಕ್ಷತೆ ಬಹು ದೊಡ್ಡ ವಿಷಯವೇ ಸರಿ. ಆದರೆ ಅಣೆಕಟ್ಟಿನಿಂದ ದೂರವಿರುವ ಬೆಟ್ಟಗಳ ಪರವಾಗಿ ವಾದಿಸಲು ಏನಿದೆ? ಅಲ್ಲಿ ನಡೆದಾಡುವ ಜನರಿದ್ದಾರೆ, ಆ ಬೆಟ್ಟದ ನೀರು ಕುಡಿಯುವ ಕೆರೆಯಿದೆ, ಅಲ್ಲಿ ಮೇಯುವ ದನಕುರಿಗಳಿವೆ ಎಂಬುದಷ್ಟೇ ಇದೆ. ಯಾರೂ ನಡೆಯದ ಬೆಟ್ಟ ಸರ್ಕಾರಿ ದಾಖಲೆಯಲ್ಲಿ ಬರಿಯ ಕಲ್ಲುರಾಶಿಯಾಗಿ ಕಾಣತೊಡಗುತ್ತದೆ. ಕಾಲುದಾರಿ ಮುಚ್ಚಿಹೋಗುವುದಕ್ಕೂ ಬೆಟ್ಟ ಕಾಣೆಯಾಗುವುದಕ್ಕೂ ಇರುವ ನಂಟು ಇದು.

ಇಲ್ಲಿ ಅಟ್ಲಾಸಿನ ಜನರಿಂದ ಎರಡು ಸಂಗತಿಗಳನ್ನು ಕಲಿಯಬಹುದಾಗಿದೆ.

ಮೊದಲನೆಯದು ಅಗ್ದಾಲ್ ಎಂಬ ಪದ್ಧತಿ. ಊರಿನವರೆಲ್ಲರಿಗೂ ಸೇರಿದ ಹುಲ್ಲುಗಾವಲನ್ನು ವರ್ಷದ ಕೆಲವು ತಿಂಗಳು ಪೂರ್ತಿಯಾಗಿ ಮುಚ್ಚಿಡುವ ಕಟ್ಟುಪಾಡು ಅದು. ಮರ್ರಾಕೇಶ್ ನಗರಕ್ಕೆ ಸಮೀಪದ ಊಕೈಮೆದೆನ್ ಎಂಬ ಎತ್ತರದ ಹುಲ್ಲುಗಾವಲನ್ನು ಸಂಪ್ರದಾಯದಂತೆ ಮಾರ್ಚ್ 15ರಿಂದ ಆಗಸ್ಟ್ 10ರವರೆಗೆ ಮುಚ್ಚಲಾಗುತ್ತದೆ. ಹುಲ್ಲು ಹೂಬಿಟ್ಟು ಬೀಜ ಉದುರಿಸುವ ತನಕ ಯಾರ ಕುರಿಯೂ ಅಲ್ಲಿಗೆ ಕಾಲಿಡುವಂತಿಲ್ಲ. ತೆರೆಯುವ ದಿನ ಬಂದಾಗ ಹಕ್ಕುಳ್ಳ ಕುಟುಂಬಗಳೆಲ್ಲ ತಮ್ಮ ಮಂದೆಗಳೊಡನೆ ಒಟ್ಟಿಗೆ ಏರುತ್ತವೆ. ಗೋಮಾಳ, ಗುಂಡುತೋಪು, ಗೋಕಟ್ಟೆ, ದೇವರಕಾಡು ಎಂಬ ಪದಗಳನ್ನು ಬಲ್ಲ ಕನ್ನಡ ನಾಡಿಗೆ ಈ ವಿವೇಕ ಅಪರಿಚಿತವಾದುದೇನಲ್ಲ. ದೇವರ ಬೆಟ್ಟವೆಂಬ ಭಯಭಕ್ತಿಯೂ ಒಂದು ಕಾಲದಲ್ಲಿ ಅಂಥದೇ ಕಾವಲಾಗಿತ್ತು. ಈಗ ಆ ಭಕ್ತಿ ಗರ್ಭಗುಡಿಯ ಹೊಸ್ತಿಲಿನೊಳಗೆ ಉಳಿದು, ಹೊರಗಿನ ಇಳಿಜಾರು ನೀರಿನ ಬಾಟಲಿಗಳಿಗೂ ತಟ್ಟೆಲೋಟಗಳಿಗೂ ಬಿಟ್ಟುಕೊಟ್ಟಂತಾಗಿದೆ. ಒಣಹುಲ್ಲಿನ ಮೂರು ತಿಂಗಳು ಮೆಟ್ಟಿಲು ಮತ್ತು ರಸ್ತೆಯನ್ನು ಬಿಟ್ಟು ಬೆಟ್ಟದ ಮೈಮೇಲೆ ಯಾರೂ ಅಲೆಯಬಾರದೆಂಬ ಕಟ್ಟುಪಾಡನ್ನು ಬೆಟ್ಟದ ಸುತ್ತಲಿನ ಹಳ್ಳಿಗಳೇ ಕೂಡಿ ಮಾಡಿಕೊಂಡರೆ ಅದು ಯಾವ ಫಲಕಕ್ಕಿಂತಲೂ ಹೆಚ್ಚು ನಡೆಯುತ್ತದೆ.

ಎರಡನೆಯದು ಹಣದ ದಾರಿ. ತೂಬ್ಕಾಲ್ ಬುಡದ ಇಮ್ಲಿಲ್ ಹಳ್ಳಿಯ ಅತಿಥಿಗೃಹವೊಂದು ತಂಗಿದವರ ಬಿಲ್ಲಿನ ಮೇಲೆ ಶೇಕಡ 5ರಷ್ಟು ಸೇರಿಸಿ ಆ ಹಣವನ್ನು ಗ್ರಾಮದ ಸಂಘಕ್ಕೆ ಕೊಡುವ ರೂಢಿ ಮಾಡಿತು. ಕಸ ಎತ್ತುವ ಏರ್ಪಾಡು, ಆಂಬುಲೆನ್ಸ್, ಊರಿನ ಸಾರ್ವಜನಿಕ ಸ್ನಾನಗೃಹ ಮುಂತಾದುವು ಆ ಹಣದಿಂದ ಬಂದವು. ನೋಡಲು ಬಂದವರು ನೋಡಿದ್ದಕ್ಕೆ ಪ್ರತಿಯಾಗಿ ಊರಿಗೆ ಏನನ್ನಾದರೂ ಬಿಟ್ಟುಹೋಗುವ ಸರಳ ವ್ಯವಸ್ಥೆ ಇದು. ಇಂಥ ಊರುಗಳ ಬದುಕು ಎಷ್ಟು ನಾಜೂಕಾದುದೆಂಬುದು 2023ರ ಸೆಪ್ಟೆಂಬರ್ 8ರ ಭೂಕಂಪದಲ್ಲಿ ಜಗತ್ತಿಗೆ ಕಂಡಿತು. ಅಟ್ಲಾಸಿನ ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಕುಸಿದು ಮೂರು ಸಾವಿರದಷ್ಟು ಜನ ಮಡಿದರು. ನಡೆಯಲು ಬರುವವರನ್ನೇ ನಂಬಿದ್ದ ಕುಟುಂಬಗಳಿಗೆ ಮನೆ ಮತ್ತು ಜೀವನೋಪಾಯ ಎರಡೂ ಒಮ್ಮೆಗೇ ಕೈತಪ್ಪಿದವು. ಆದ್ದರಿಂದ ಪ್ರವಾಸವೊಂದನ್ನೇ ನಂಬಿ ಬೇಸಾಯ, ಪಶುಪಾಲನೆಗಳನ್ನು ಕೈಬಿಡಬಾರದೆಂಬ ಎಚ್ಚರಿಕೆಯನ್ನೂ ಅಲ್ಲಿಂದಲೇ ಕಲಿಯಬೇಕು. ನಡಿಗೆಯ ಹಣ ರಾಗಿಯ ಹೊಲಕ್ಕೆ ಊರುಗೋಲಾಗಬಹುದು, ಹೊಲದ ಸ್ಥಾನವನ್ನು ಅದು ತುಂಬಲಾರದು.

ಕರಿಘಟ್ಟದ ರಸ್ತೆಯಲ್ಲಿ ಬರುವವರಲ್ಲಿ ಹೆಚ್ಚಿನವರು ಸ್ಥಳದಲ್ಲಿ ಬಿಟ್ಟುಹೋಗುವುದು ಹುಂಡಿಯ ಕಾಣಿಕೆ ಮತ್ತು ಕಸ. ಅವರ ಊಟ ತಿಂಡಿ ಹೆದ್ದಾರಿಯ ಬದಿಯಲ್ಲಿ ಮುಗಿದಿರುತ್ತದೆ. ಅದೇ ಜನ ಒಂದು ರಾತ್ರಿ ಹಳ್ಳಿಯಲ್ಲಿ ತಂಗಿ, ಮುದ್ದೆ ಬಸ್ಸಾರು ಉಂಡು, ದಾರಿ ತೋರಿಸಲು ಊರಿನ ಒಬ್ಬ ಯುವಕನನ್ನೋ ಯುವತಿಯನ್ನೋ ಜೊತೆಗೆ ಕರೆದುಕೊಂಡು ಹೊರಟರೆ ಲೆಕ್ಕವೇ ಬದಲಾಗುತ್ತದೆ. ಬೆಟ್ಟ ಸುಟ್ಟರೆ ನಾಳೆಯ ಕೂಲಿ ಸುಟ್ಟಿತೆಂದು ಬಲ್ಲ ಊರು ಬೆಂಕಿಯನ್ನು ಕಂಡೊಡನೆ ಸೊಪ್ಪಿನ ಕೊಂಬೆ ಹಿಡಿದು ಓಡಿಬರುತ್ತದೆ.

ರಸ್ತೆಯೇ ಬೇಡವೆಂಬ ವಾದ ಇದಲ್ಲ. ಮಂಡಿನೋವಿನ ಹಿರಿಯರಿಗೆ, ಕೈಗೂಸಿನ ತಾಯಂದಿರಿಗೆ, ಅಂಗವಿಕಲರಿಗೆ ರಸ್ತೆಯ ಮೂಲಕವೇ ಬೆಟ್ಟ ಲಭ್ಯ. ಅವರಿಗೂ ಶ್ರೀನಿವಾಸನ ಮೇಲೆ, ಮೇಲಿನ ಗಾಳಿಯ ಮೇಲೆ ಅಷ್ಟೇ ಹಕ್ಕಿದೆ. ಕಾಲು ಗಟ್ಟಿಯಿರುವವರು ಮೆಟ್ಟಿಲನ್ನು ಆರಿಸಿಕೊಂಡರೆ ರಸ್ತೆ ಅಂಥವರಿಗೆ ಬಿಡುವಾಗಿ ಉಳಿಯುತ್ತದೆ. ರಸ್ತೆಯನ್ನು ಅಗಲಿಸಬೇಕು, ನೆತ್ತಿಯಲ್ಲಿ ಇನ್ನಷ್ಟು ವಾಹನಗಳಿಗೆ ಜಾಗ ಮಾಡಬೇಕು ಎಂಬ ಬೇಡಿಕೆಯೂ ಆಗ ತಾನಾಗಿ ತಗ್ಗುತ್ತದೆ.

ಕೊನೆಗೆ ಕೆಲವು ಸಲಹೆಗಳು. ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ದೊಡ್ಡ ಯೋಜನೆಯ ಅಗತ್ಯವಿಲ್ಲ. ಜನವರಿ ಮುಗಿಯುವುದರೊಳಗೆ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಮೆಟ್ಟಿಲು ಮತ್ತು ರಸ್ತೆಯ ಎರಡೂ ಬದಿಯಲ್ಲಿ ಬೆಂಕಿತಡೆಯ ಪಟ್ಟೆಗಳನ್ನು ಊರಿನವರ ಕೈಯಿಂದಲೇ ಸವರಿಸಬೇಕು. ಕೊಯ್ದ ಹುಲ್ಲು ಸುತ್ತಲಿನ ದನಗಳಿಗೆ ಮೇವಾಗಲಿ. ನಡೆಯಲು ಬರುವ ತಂಡ ಹತ್ತು ಹನ್ನೆರಡು ಜನರಿಗಿಂತ ದೊಡ್ಡದಾಗಬಾರದು. ಬೆಟ್ಟದ ಮೇಲೆ ಒಲೆ ಹೂಡಬಾರದು, ಬೀಡಿ ಸಿಗರೇಟು ಹಚ್ಚಬಾರದು. ನೀರನ್ನು ಮನೆಯ ಪಾತ್ರೆಯಲ್ಲೇ ಒಯ್ಯಬೇಕು. ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಕಾಲದಲ್ಲಿ ಗದ್ದಲವನ್ನೂ ಮೇಲುಕೋಟೆಯ ಕೊಳಗಳಲ್ಲಿ ಸಾಬೂನನ್ನೂ ದೂರವಿಡಬೇಕು. ಪ್ರತಿಯೊಬ್ಬ ನಡೆಯುವವನೂ ತನ್ನ ಖರ್ಚಿನ ಇಪ್ಪತ್ತರಲ್ಲೊಂದು ಪಾಲನ್ನು ತಾನು ಹಾದುಹೋದ ಊರಿನ ಪಂಚಾಯತಿಗೆ, ಬೆಟ್ಟದ ಕಾವಲಿಗೆಂದು ಬರೆದುಕೊಟ್ಟು ರಸೀದಿ ಪಡೆಯಬೇಕು. ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ಮಕ್ಕಳನ್ನು ದೂರದ ವಿಹಾರಧಾಮಕ್ಕೆ ಒಯ್ಯುವ ಬದಲು ತನ್ನದೇ ತಾಲ್ಲೂಕಿನ ಬೆಟ್ಟವೊಂದಕ್ಕೆ ನಡೆಸಿಕೊಂಡು ಹೋದರೆ, ಮುಂದೆ ಆ ಬೆಟ್ಟದ ಪರವಾಗಿ ಮಾತನಾಡಲು ಒಂದು ತಲೆಮಾರು ಸಿದ್ಧವಾಗುತ್ತದೆ.

ಸಭಿಕರೇ, ಸಹ್ಯಾದ್ರಿಯ ತಪ್ಪಲಿನವರಿಗೆ ಬಯಲುಸೀಮೆಯ ಒಂಟಿ ಬೆಟ್ಟಗಳು ಚಿಕ್ಕವಾಗಿ ಕಾಣಬಹುದು. ಆದರೆ ಕೊಡಗಿನಲ್ಲಿ ಹುಟ್ಟಿದ ಕಾವೇರಿ, ಮೂಡಿಗೆರೆಯ ಸೀಮೆಯಲ್ಲಿ ಹುಟ್ಟಿದ ಹೇಮಾವತಿ ಹರಿದು ಬಂದು ಒಂದಾಗುವುದು ಇದೇ ಕೃಷ್ಣರಾಜಪೇಟೆಯ ನೆಲದಲ್ಲಿ, ಅಂಬಿಗರಹಳ್ಳಿಯ ಸಂಗಮದಲ್ಲಿ. ಮಲೆಯ ಕಾಡು ಉಳಿಸಿದ ನೀರನ್ನು ಬಯಲಿನ ಬೆಟ್ಟದ ಹೂಳು ಕೆಡಿಸಬಾರದು. ಮುಂದಿನ ಅಕ್ಟೋಬರಿನಲ್ಲಿ ಮಲೆನಾಡಿನಿಂದ ಹತ್ತು ಜನ ಬಂದು ಕರಿಘಟ್ಟದ ಮೆಟ್ಟಿಲೇರಲಿ, ಬೇಸಗೆಯಲ್ಲಿ ಮಂಡ್ಯದ ಹತ್ತು ಜನ ಹೇಮಾವತಿಯ ಮೂಲದತ್ತ ನಡೆಯಲಿ. ಹೋಗಿಬಂದವರು ತಾವು ಕಂಡದ್ದನ್ನು ತಮ್ಮ ಊರಿನ ಸಭೆಯಲ್ಲಿ ಹೇಳಲಿ. ಬೆಟ್ಟಗಳ ನಡುವಿನ ಕಾಲುದಾರಿ ಸವೆಯದೆ ಉಳಿಯಲು ಇಷ್ಟು ಓಡಾಟ ಬೇಕು.